ಮೂರು ಹೆಸರಿನ ಮನೆ

ಸೂರತ್ತಿನ ನಮ್ಮ ಕಚೇರಿಯಲ್ಲಿ ನನ್ನ ಮೇಜಿನ ಹಿಂದೆ ಒಂದು ಬಿಳಿ ಬೋರ್ಡು ಇತ್ತು. ಅದನ್ನು ತರಿಸಿ ಗೋಡೆಗೆ ಹೊಡೆಸಿದವಳು ನಾನೇ, ಮತ್ಯಾರೂ ಅಲ್ಲ. ಎಡಗಡೆ ಆರು ಜನ ಸಮೀಕ್ಷಕರ ಹೆಸರು, ಪ್ರತಿ ಹೆಸರಿನ ಮುಂದೆ ತಿಂಗಳಿಗೊಂದು ಚೌಕ. ಆ ತಿಂಗಳು ಅವರ ಪಾಲಿನ ಒಂದು ಮನೆಯೂ ಬೀಳದಿದ್ದರೆ ಚೌಕದೊಳಗೆ ಹಸಿರು ನಕ್ಷತ್ರ, ಬಿದ್ದರೆ ಚೌಕ ಖಾಲಿ. ಇದೇನು ಅಂಗನವಾಡಿಯೇ ಎಂದು ಒಬ್ಬಿಬ್ಬರು ನಕ್ಕಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಮನೆ ಬೀಳುವುದು ಎಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಕೇಂದ್ರ ಸರ್ಕಾರದ ಸಮೀಕ್ಷೆಯ ಕೆಲಸ. ಯಾರಿಗೆ ಕೆಲಸವಿದೆ, ಯಾರಿಗಿಲ್ಲ, ಕಳೆದ ಏಳು ದಿನಗಳಲ್ಲಿ ಯಾವ ದಿನ ಯಾರು ಏನು ಮಾಡಿದರು ಎಂದು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು. ಮನೆಗಳನ್ನು ನಾವು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಬರುತ್ತವೆ. ಒಮ್ಮೆ ಬಂದ ಮನೆಗೆ ಮೂರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ ಹೋಗಬೇಕು. ನಡುವೆ ಆ ಮನೆಯವರು ಇನ್ನು ಬರಬೇಡಿ ಎಂದು ಬಾಗಿಲು ಹಾಕಿದರೆ ಅಲ್ಲಿಗೆ ಮುಗಿಯಿತು. ಅದರ ಬದಲಿಗೆ ಪಕ್ಕದ ಮನೆಯನ್ನು ಹಾಕಿಕೊಳ್ಳುವಂತಿಲ್ಲ. ಅದಕ್ಕೆ ನಾವು ಮನೆ ಬಿತ್ತು ಅನ್ನುತ್ತೇವೆ.

ಸೂರತ್ತಿನ ಪಾಂಡೇಸರಾದಂಥ ಕಡೆ ಮನೆ ಬೀಳುವುದು ಬಲು ಸುಲಭ. ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಹಿಂದಿನ ಓಣಿಗಳಲ್ಲಿ ಸಾಲಾಗಿ ಒಂದೊಂದು ಕೋಣೆಯ ಮನೆಗಳು. ಹಗಲು ಪಾಳಿಯವರು ಮನೆಯಲ್ಲಿರುವುದಿಲ್ಲ, ರಾತ್ರಿ ಪಾಳಿಯವರು ಮಲಗಿರುತ್ತಾರೆ. ಸರ್ಕಾರದವರು ಅಂದಕೂಡಲೇ ಕೋಣೆ ಖಾಲಿ ಮಾಡಿಸಲು ಬಂದರು ಎಂಬ ಹೆದರಿಕೆ ಬೇರೆ. ನನಗಿಂತ ಮೊದಲು ಈ ತಂಡ ನಡೆಸುತ್ತಿದ್ದವರು ಎಲ್ಲರ ಹೆಗಲ ಮೇಲೆ ಕೈ ಹಾಕಿಕೊಂಡು ಚಹಾ ಕುಡಿಯುವ ಮನುಷ್ಯ. ಅವರ ಕಾಲದಲ್ಲಿ ಮನೆಗಳು ದಪದಪನೆ ಬಿದ್ದಿದ್ದವು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನನ್ನನ್ನು ಆ ಕುರ್ಚಿಯಲ್ಲಿ ಕೂರಿಸುವ ಮೊದಲು ಅಹಮದಾಬಾದಿನಲ್ಲಿ ಎರಡು ದಿನದ ನಾಯಕತ್ವ ತರಬೇತಿ ಆಯಿತು. ಪರದೆಯ ಮೇಲೆ ನಾಲ್ಕು ಬಣ್ಣದ ಚೌಕ: ಹುಕುಂ ಮಾಡುವವರು, ಎಲ್ಲರನ್ನೂ ಕೇಳಿ ನಡೆಯುವವರು, ಅವರವರ ಪಾಡಿಗೆ ಬಿಡುವವರು, ಗುರಿ ತೋರಿಸಿ ಹುರಿದುಂಬಿಸುವವರು. ಮೂವತ್ತು ಪ್ರಶ್ನೆಗೆ ಉತ್ತರ ಬರೆಸಿ, ಕೂಡಿ ಕಳೆದು, ನಾನು ನಾಲ್ಕನೆಯ, ಹಸಿರು ಚೌಕದವಳು ಎಂದು ಹೇಳಿದರು. ಹೂಂ, ಹಿಗ್ಗಿದೆ. ಧಾರವಾಡದ ಹುಡುಗಿ, ಹದಿನಾಲ್ಕು ವರ್ಷ ಬಿಸಿಲಲ್ಲಿ ಬಾಗಿಲು ಬಡಿದವಳು, ಈಗ ಹುರಿದುಂಬಿಸುವವಳಾಗಿದ್ದೆ. ಮಾರನೆಯ ವಾರವೇ ಬೋರ್ಡು ತರಿಸಿದೆ.

ಆ ಆರು ಜನರಲ್ಲಿ ಒಬ್ಬರು ನನಗಿಂತ ತುಂಬಾ ಹಿರಿಯರು. ಬಾಗಲಕೋಟೆ ಕಡೆಯವರು, ಕೆಲಸಕ್ಕೆಂದು ಗುಜರಾತಿಗೆ ಬಂದು ಇಲ್ಲೇ ಉಳಿದವರು. ಮನೆ ಅಹಮದಾಬಾದಿನಲ್ಲಿ, ವಾರಪೂರ್ತಿ ಸೂರತ್ತಿನ ಒಂದು ಬಾಡಿಗೆ ಕೋಣೆಯಲ್ಲಿ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅಹಮದಾಬಾದಿನ ನರೋಡಾದ ಕಾರ್ಖಾನೆಗಳ ಬೆನ್ನಿಗಿರುವ ಚಾಳುಗಳಲ್ಲಿ ನನ್ನನ್ನು ಕರೆದುಕೊಂಡು ತಿರುಗಿ ಕೆಲಸ ಕಲಿಸಿದವರು ಅವರೇ. ಪುಸ್ತಕದಲ್ಲಿಲ್ಲದ್ದನ್ನು ಕಲಿಸಿದರು. ಚಪ್ಪಲಿ ಹೊರಗೆ ಬಿಡು. ಅವರು ಕೊಟ್ಟ ನೀರು ಪೂರ್ತಿ ಕುಡಿ, ಅದಾಗುವವರೆಗೆ ಕಾಗದ ತೆಗೆಯಬೇಡ. ಆಮೇಲೆ ಮನೆಯವರ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಓದು, ಪ್ರತಿಯೊಬ್ಬರಿಗೂ ಇದ್ದಾರೆ ಎಂಬ ಉತ್ತರ ಬರುವವರೆಗೆ ಕಾಯಿ.

"ಹೆಸರು ಓದೂದು ಅಂದ್ರ ಸಣ್ಣ ಕೆಲಸಲ್ಲ ತಂಗಿ," ಅನ್ನುತ್ತಿದ್ದರು. "ಈ ಓಣ್ಯಾಗ ಇವರ ಹೆಸರು ಯಾರು ಓದ್ತಾರ? ನಾವು ಓದ್ತೀವಿ. ಅದಕ್ಕ ನೀರು ಕೊಡ್ತಾರ."

ಸೂರತ್ತಿನಲ್ಲಿ ನಾನು ಅವರ ಮೇಲಧಿಕಾರಿಯಾಗಿ ಬಂದ ದಿನ ಎಲ್ಲರೆದುರು ಎದ್ದು ನಿಂತು, "ನಮಸ್ಕಾರ್ರಿ ಮೇಡಂ" ಅಂದರು. ನನಗೆ ಮೈ ಹಿಡಿಯಾಯಿತು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇಬ್ಬರೇ ಇದ್ದೆವು. "ಮಂದಿ ಮುಂದ ಮೇಡಂ ಅಂತೀನಿ, ನೀ ತಡೀಬ್ಯಾಡ. ಕುರ್ಚಿಗೆ ಮರ್ಯಾದಿ ಕೊಡಬೇಕು. ಇಬ್ಬರ ಇದ್ದಾಗ ನೀ ತಂಗೀನ," ಅಂದು ತಮ್ಮ ಶೇಂಗಾ ಚಟ್ನಿಯನ್ನು ನನ್ನ ಡಬ್ಬಿಗೆ ಹಾಕಿದರು. ಏಳು ತಿಂಗಳು ಹಾಗೇ ನಡೆಯಿತು. ಬೋರ್ಡಿನಲ್ಲಿ ಅವರ ಸಾಲಿನ ಏಳೂ ಚೌಕದಲ್ಲಿ ನಕ್ಷತ್ರವಿತ್ತು. ಉಳಿದ ಐವರಿಗೆ ನಾನು ಅದನ್ನೇ ತೋರಿಸಿ, ಈ ವಯಸ್ಸಿನಲ್ಲಿ ಇವರಿಗೆ ಆಗುವುದು ನಿಮಗೇಕೆ ಆಗುವುದಿಲ್ಲ ಎಂದು ಚುಚ್ಚುತ್ತಿದ್ದೆ. ಅವರ ನಿವೃತ್ತಿಗೆ ಇನ್ನು ಏಳೇ ತಿಂಗಳು ಇತ್ತು.

ನಮ್ಮ ಯಜಮಾನರ ನೌಕರಿ ವಡೋದರಾದಲ್ಲಿ. ನಾನು ಬೆಳಗಿನ ರೈಲಿನಲ್ಲಿ ಸೂರತ್ತಿಗೆ ಹೋಗಿ ಸಂಜೆ ತಿರುಗಿ ಬರುವವಳು. ಸಮೀಕ್ಷಕರು ಟ್ಯಾಬ್ಲೆಟ್ಟಿನಲ್ಲಿ ತುಂಬಿ ಕಳಿಸಿದ್ದನ್ನು ರೈಲಿನಲ್ಲಿ ಕೂತೇ ಪರಿಶೀಲಿಸುತ್ತಿದ್ದೆ. ಅನುಮಾನ ಬಂದದ್ದನ್ನು ಗುರುತು ಹಾಕಿ ಸಮೀಕ್ಷಕರಿಗೆ ವಾಪಸು ಕಳಿಸುವುದು, ಸರಿಯಿದ್ದದ್ದನ್ನು ಅಹಮದಾಬಾದಿನ ಮುಖ್ಯ ಕಚೇರಿಗೆ ಕಳಿಸುವುದು ನನ್ನ ಕೆಲಸ. ಒಮ್ಮೆ ಮೇಲೆ ಹೋದ ಮೇಲೆ ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ಅವತ್ತು ಹಿರಿಯರ ಮೂರನೇ ಭೇಟಿಯ ಕಡತಗಳು ಬಂದಿದ್ದವು. ಪಾಂಡೇಸರಾದ ಒಂದು ಮನೆ, ಮೂರು ಹೆಸರು. ತಾಯಿ, ಹಿರಿ ಮಗಳು, ಕಿರಿ ಮಗಳು. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರ ಹೆಸರು ಹೊರಗೆ ಬಿಡುವುದಿಲ್ಲ ಎಂದು ಮಾತು ಕೊಟ್ಟೇ ನಾವು ಒಳಗೆ ಹೋಗುವುದು. ಹಿರಿ ಮಗಳು ಮಿಲ್ಲಿನಲ್ಲಿ ಸೀರೆ ಮಡಿಚುವ ಕೆಲಸದವಳು. ಮೊದಲ ಭೇಟಿಯಲ್ಲಿ ವಾರಕ್ಕೆ ಆರು ದಿನ ಕೆಲಸ. ಮೂರನೆಯದರಲ್ಲಿ ಏಳಕ್ಕೆ ಏಳೂ ದಿನ 'ಕಾಯಿಲೆ, ಕೆಲಸಕ್ಕೆ ಹೋಗಿಲ್ಲ'. ಹಿಂದಿನದನ್ನು ತೆಗೆದು ನೋಡಿದೆ. ಎರಡನೆಯದರಲ್ಲೂ ಏಳು ದಿನ ಅದೇ.

ಅಯ್ಯೋ ಪಾಪ ಅನ್ನಿಸಿತು. ಸುಳ್ಳು ಎಂಬ ಯೋಚನೆ ಸುಳಿಯಲೇ ಇಲ್ಲ, ಬರೆದವರು ಅವರಲ್ಲವೇ. ಕಚೇರಿಗೆ ಹೋದವಳೇ ಕೇಳಿದೆ, "ಸರ, ಆ ಪಾಂಡೇಸರಾ ಮನಿ ದೊಡ್ಡ ಹುಡುಗಿಗೆ ಏನಾಗೇತ್ರಿ? ಮೂರು ತಿಂಗಳಿಂದ ಹಾಸಿಗಿ ಹಿಡದಾಳಲ್ಲ?"

ಅವರು ಚಹಾದ ಕಪ್ಪು ನೋಡುತ್ತ "ಹೂಂರಿ ಮೇಡಂ" ಅಂದರು. ಎದುರಿಗೆ ಬೇರೆಯವರು ಇದ್ದರು. ನಾನು ಬೆಳೆಸಲಿಲ್ಲ.

ಹತ್ತು ಮನೆಗೆ ಒಂದು ಮನೆಯಂತೆ ತಂಡದ ಮುಖ್ಯಸ್ಥರು ತಾವೇ ಹೋಗಿ ತಾಳೆ ನೋಡಬೇಕೆಂಬ ನಿಯಮವಿದೆ. ಆ ವಾರ ನಾನು ಆ ಮನೆಯನ್ನೇ ಹಿಡಿದೆ. ನಿಜವಾಗಿ ನನಗಿದ್ದದ್ದು ಬೇರೆ ಯೋಚನೆ. ಮಿಲ್ಲಿನ ಕೆಲಸದವಳು, ಕಾರ್ಮಿಕರ ವಿಮೆಯ ಆಸ್ಪತ್ರೆಗೆ ತೋರಿಸಿದ್ದಾರೋ ಇಲ್ಲವೋ, ದಾರಿ ಗೊತ್ತಿಲ್ಲದಿದ್ದರೆ ಹೇಳಿಬರೋಣ ಎಂದು. ಬೆಳಗ್ಗೆ ಹನ್ನೊಂದಕ್ಕೆ ಒಬ್ಬಳೇ ಹೋದೆ.

ಮನೆಯವರು ಖಾನದೇಶದ ಮರಾಠಿ ಮಂದಿ. ನನಗೆ ಧಾರವಾಡದ ನೆರೆಹೊರೆಯಿಂದ ಮರಾಠಿ ಬರುತ್ತದೆ, ತಾಯಿಗೆ ಅದು ಕೇಳಿ ಮುಖ ಅರಳಿತು. ನೀರು ಕೊಟ್ಟಳು. ಪೂರ್ತಿ ಕುಡಿದೆ. ಟ್ಯಾಬ್ಲೆಟ್ಟು ತೆಗೆದೆ. ಹಿಂದಿನ ಭೇಟಿಯ ಹೆಸರುಗಳು ತಾವಾಗಿ ಪರದೆಯ ಮೇಲೆ ಬರುತ್ತವೆ. ಪ್ರತಿ ಹೆಸರಿನ ಕೆಳಗೆ ಒಂದು ಪ್ರಶ್ನೆ: ಇವರು ಈಗಲೂ ಈ ಮನೆಯವರೇ? ಹೌದು, ಇಲ್ಲ. ಇಲ್ಲ ಒತ್ತಿದರೆ ಕಾರಣ ಕೇಳುತ್ತದೆ: ಬೇರೆ ಕಡೆ ಹೋದರು, ಅಥವಾ ತೀರಿಕೊಂಡರು. ತಾಯಿಯ ಹೆಸರು ಓದಿದೆ. "ಆಹೇ," ಇದ್ದೀನಿ ಅಂದಳು. ಹಿರಿ ಮಗಳ ಹೆಸರು ಓದಿದೆ. "ಆಹೇ," ಅಂದಳು. ಅದೇ ದನಿ, ಅದೇ ಮುಖ. ಅವಳ ಬೆನ್ನ ಹಿಂದೆ ನಿಂತಿದ್ದ ಕಿರಿ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ತಲೆಯೆತ್ತಿದೆ. ಗ್ಯಾಸಿನ ಒಲೆಯ ಪಕ್ಕದ ಗೋಡೆಯಲ್ಲಿ ಫೋಟೋ, ಫೋಟೋಕ್ಕೆ ಗಂಧದ ಹಾರ.

ಕಿರಿ ಮಗಳೇ ಹೇಳಿದಳು. ಮೊದಲ ಭೇಟಿಯಾಗಿ ಎರಡು ತಿಂಗಳಿಗೆ ಕಾಮಾಲೆಯಾಯಿತಂತೆ, ಒಂಬತ್ತೇ ದಿನ. ತಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ತೆಗೀತೀರೇನು?" ಅಂದಳು. "ಆ ಕಾಕಾ ತೆಗಿಯೋದಿಲ್ಲ ಅಂದಿದ್ರು. ರೇಷನ್ ಕಾರ್ಡಿನಾಗಿಂದ ತೆಗದ್ರು, ಮಿಲ್ಲಿನ ಹಾಜರಿ ಪಟ್ಟ್ಯಾಗಿಂದ ತೆಗದ್ರು. ಮೂರು ತಿಂಗಳಿಗೊಮ್ಮೆ ಒಬ್ಬರರ ಬಂದು ನನ್ನ ಮಗಳ ಹೆಸರು ಕೂಗ್ತಾರ. ಅದೂ ಬ್ಯಾಡೇನು?"

ಟ್ಯಾಬ್ಲೆಟ್ಟು ಚೀಲಕ್ಕೆ ಹಾಕಿ, ಮತ್ತೆ ಬರುತ್ತೇನೆ ಎಂದು ಎದ್ದೆ. ಓಣಿಯ ತಿರುವಿನಲ್ಲಿ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ಯಾವುದಕ್ಕೆ ಅತ್ತೆ ಎಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲು ಬಾರದು. ಸತ್ತ ಹುಡುಗಿಗೂ ಹೌದು, ಅವಳಿಗೆ ಹದಿನಾಲ್ಕು ದಿನದ ಕಾಯಿಲೆ ಬರೆದ ನನ್ನ ಗುರುವಿಗೂ ಹೌದು. ಅವಳು ಕೆಲಸಕ್ಕೆ ಹೋದಳು ಎಂದು ಬರೆಯಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಮಾರನೆಯ ದಿನ ಉಳಿದವರೆಲ್ಲ ಹೊರಗೆ ಹೋದ ಮೇಲೆ ಅವರನ್ನು ಕರೆದೆ.

"ಸರ, ಆ ಮನಿಗೆ ಹೋಗಿದ್ದೆ."

"ಗೊತ್ತಾತು. ಆಕಿ ಫೋನ್ ಮಾಡಿದ್ಲು."

"ನನಗ್ಯಾಕ ಹೇಳ್ಲಿಲ್ಲ ನೀವು?"

"ಏನಂತ ಹೇಳ್ಲಿ ತಂಗಿ?" ಕುರ್ಚಿ ಎಳೆದು ಕೂತರು. "ಎರಡನೇ ಸಲ ಹೋದಾಗ ತಿಂಗಳೂ ಆಗಿದ್ದಿಲ್ಲ. ನನಗೇನ ಗೊತ್ತು? ಎಂದಿನಂಗ ಹೆಸರು ಓದಿದೆ. ಆಕಿ ಆಹೇ ಅಂದ್ಲು. ಸಣ್ಣ ಹುಡುಗಿ ಹೋ ಅಂತ ಅಳಾಕ ಹತ್ತಿತು. 'ಇಲ್ಲ' ಅನ್ನೂದರ ಮ್ಯಾಲೆ ಬಟ್ಟ ಇಟ್ಟಿದ್ದೆ. ಆಕಿ ಕೈ ಹಿಡಕೊಂಡ್ಲು. ತೆಗದ್ರ ಇನ್ನ ನಮ್ಮ ಮನಿ ಮೆಟ್ಟಲಾ ಹತ್ತಬ್ಯಾಡ್ರಿ ಅಂದ್ಲು."

"ಬೀಳ್ಲಿ ಅಂತ ಬಿಡಬೇಕಿತ್ತು ಆ ಮನಿ."

"ಬೀಳ್ಲಿ ಅಂತ ನೀ ಯಾವತ್ತ ಹೇಳಿದ್ದಿ?" ಅಂದರು. ದನಿ ಏರಿಸಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಿನ ಬೋರ್ಡು ನೋಡಿದರು. "ಮೂವತ್ತು ವರ್ಷ ಮನಿ ಬಿದ್ದಾವು ತಂಗಿ, ಬಿತ್ತು ಅಂತ ಬರದೀನಿ. ಈ ವರ್ಷ ನೀ ನನ್ನ ಸಾಲು ತೋರ್ಸಿ ತೋರ್ಸಿ ಹುಡುಗರಿಗೆ ಬೈತಿದ್ದಿ. ನನಗ ಅದು ಸೇರತಿತ್ತು. ಸುಳ್ಳ್ಯಾಕ ಹೇಳ್ಲಿ, ಹಿಗ್ಗಿದ್ದೆ. ಅದರ ಮ್ಯಾಲೆ ಆಕಿ ಕೈ. ಎರಡೂ ಕೂಡಿ ಬಟ್ಟ ಆ ಕಡೆ ಹೋತು."

ಆಮೇಲೆ ಅವರು ಒಂದು ಉಪಾಯ ಹೇಳಿದರು. ಮೂರನೇ ಭೇಟಿಯದು ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ತಮಗೆ ವಾಪಸು ಕಳಿಸಿದರೆ, ತೀರಿಕೊಂಡಳು ಎಂದು ಹಾಕಿ ಕಳಿಸುತ್ತಾರೆ. ತಾಯಿಗೆ ತಾವೇ ಕೂತು ತಿಳಿಸಿ ಹೇಳುತ್ತಾರೆ. ಮೇಲೆ ಹೋಗಿಬಿಟ್ಟಿರುವ ಎರಡನೆಯದು ಹೋಗಲಿ, ಯಾರಿಗೂ ಗೊತ್ತಾಗುವುದಿಲ್ಲ.

"ನನಗ ಗೊತ್ತೈತಲ್ರಿ ಸರ," ಅಂದೆ.

"ಹೌದು, ನಿನಗ ಗೊತ್ತೈತಿ," ಅಂದು ಎದ್ದರು. "ನಿನಗ ಹೆಂಗ ಸರಿ ಅನಸ್ತೈತಿ ಹಂಗ ಮಾಡು. ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ."

ಆ ಸಂಜೆ ರೈಲಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ, ಬಾಗಿಲ ಹತ್ತಿರ ನಿಂತೇ ಬಂದೆ. ಕುರ್ಚಿಗೆ ಬಂದ ಮೊದಲ ದಿನ ನಾನೇ ಆರು ಜನರೆದುರು ಹೇಳಿದ್ದೆ: ಸುಳ್ಳು ನಮೂದು ಸಿಕ್ಕರೆ, ಯಾರದೇ ಆಗಲಿ, ಅವತ್ತೇ ಅಹಮದಾಬಾದಿಗೆ ಬರೆಯುತ್ತೇನೆ. ಒಂದು ದಿನ ಆಗಲೇ ತಡವಾಗಿತ್ತು. ತಂಡದ ಗುಜರಾತಿ ಹುಡುಗಿಗೆ ಹೇಗೋ ಸುಳಿವು ಸಿಕ್ಕಿತ್ತು, ಮಧ್ಯಾಹ್ನ ಬಾಗಿಲಲ್ಲಿ ಹಿಡಿದು "ಜವಾ ದೋ ನೇ, ಮೇಡಂ" ಎಂದು ಬಿಟ್ಟುಬಿಡಲು ಬೇಡಿಕೊಂಡಿದ್ದಳು. ಅಂದರೆ ಉಳಿದವರಿಗೂ ಗೊತ್ತಾಗುತ್ತದೆ. ಇವರಿಗೊಂದು ನ್ಯಾಯ, ನಾಳೆ ಬೇರೆಯವರಿಗೊಂದು ನ್ಯಾಯ ಮಾಡಲಾದೀತೇ?

ಮನೆಯಲ್ಲಿ ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಹುಬ್ಬಳ್ಳಿಯವರು, ಮಾತು ಕಡಿಮೆ. ರೊಟ್ಟಿ ಮುರಿಯುತ್ತ ಕೇಳಿ, "ಬರೀಬೇಕಂದ್ರ ಬರಿ," ಅಂದರು. "ಆದ್ರ ಬೋರ್ಡಿಂದೂ ಬರಿ ಮತ್ತ. ಅದನ್ನ ಹೊಡಸಿದಾಕಿ ನೀನ ಅಲ್ಲ?"

ಮರುದಿನ ಬರೆದೆ. ಮೊದಲ ಕರಡಿನಲ್ಲಿ ಎಲ್ಲವೂ ಇತ್ತು. ಎರಡು ಭೇಟಿಗಳಲ್ಲಿ ಮೃತ ಸದಸ್ಯೆಯನ್ನು ಉಳಿಸಿಕೊಂಡದ್ದು, ತಾಳೆ ನೋಡುವಾಗ ನನಗೆ ಸಿಕ್ಕಿದ್ದು, ಸಮೀಕ್ಷಕರು ಒಪ್ಪಿಕೊಂಡದ್ದು. ಕೊನೆಯಲ್ಲಿ ಒಂದು ಸಾಲು: ಒಂದು ಮನೆಯೂ ಬೀಳಬಾರದೆಂದು ತಂಡದ ಮುಖ್ಯಸ್ಥೆ ಹೇರಿದ ಒತ್ತಡವೂ ಇದಕ್ಕೆ ಕಾರಣ. ಆ ಸಾಲನ್ನು ಓದಿದೆ. ತರಬೇತಿಯ ಆ ಹಸಿರು ಚೌಕ ನೆನಪಾಯಿತು. ವರ್ಷದ ಕೊನೆಗೆ ಮೇಲಿನವರು ನನ್ನ ಬಗ್ಗೆ ಬರೆಯುವ ಗುಪ್ತ ವರದಿ ನೆನಪಾಯಿತು. ವರದಿ ಎಂದರೆ ನಡೆದದ್ದು, ಕಾರಣ ಹುಡುಕುವುದು ವಿಚಾರಣೆಯವರ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಸಾಲು ಅಳಿಸಿದೆ. ಕಳಿಸಿದೆ. ಮೂರನೇ ಭೇಟಿಯ ಕಡತದಲ್ಲಿ ಹಿರಿ ಮಗಳ ಹೆಸರಿನ ಕೆಳಗೆ ಇಲ್ಲ ಎಂಬುದನ್ನೂ ನಾನೇ ಒತ್ತಿದೆ.

ವರದಿ ಮಾಡಿದ್ದು ತಪ್ಪು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ಆ ಒಂದು ಸಾಲು ಅಳಿಸಿದ್ದು ಮಾತ್ರ ಹೇಡಿತನ. ಬೇರೆ ಹೆಸರಿಲ್ಲ ಅದಕ್ಕೆ.

ಮೇಲಿನವರು ಅವರ ವರ್ಷದ ಎಲ್ಲ ಮನೆಗಳನ್ನೂ ಮತ್ತೆ ಪರಿಶೀಲಿಸಲು ಇಬ್ಬರನ್ನು ಕಳಿಸಿದರು. ಹತ್ತು ದಿನ ಆ ಇಬ್ಬರು ಬಿಸಿಲಲ್ಲಿ ತಿರುಗಿದರು. ಹೋದಲ್ಲೆಲ್ಲ ಕಾಕಾ ಯಾಕೆ ಬರಲಿಲ್ಲ, ಹುಷಾರಿದ್ದಾರೆಯೇ ಎಂಬ ಪ್ರಶ್ನೆ. ಒಂದು ಮನೆಯಲ್ಲಿ ಮುದುಕಿಯೊಬ್ಬಳು, ಅವರು ಬಂದರೆ ಮಾತ್ರ ಬಾಯಿ ಬಿಡುತ್ತೇನೆ ಎಂದು ಹಟ ಹಿಡಿದಳಂತೆ. ಎಲ್ಲ ಮುಗಿದ ಮೇಲೆ ಒಂದೇ ಒಂದು ತಪ್ಪೂ ಸಿಗಲಿಲ್ಲ, ಈ ಮನೆಯದು ಬಿಟ್ಟು. ಆದರೂ ಸುಳ್ಳು ನಮೂದು ಸುಳ್ಳು ನಮೂದೇ. ಅವರ ಸೇವಾ ಪುಸ್ತಕದಲ್ಲಿ ಖಂಡನೆ ಬರೆದು, ನಿವೃತ್ತಿಯವರೆಗೆ ಅಹಮದಾಬಾದಿನ ಕಚೇರಿಯ ದಾಖಲೆ ಕೋಣೆಗೆ ಹಾಕಿದರು. ಇನ್ನು ಯಾವ ಮನೆಗೂ ಹೋಗುವಂತಿಲ್ಲ.

ಹೋಗುವ ದಿನ ಟ್ಯಾಬ್ಲೆಟ್ಟು, ಗುರುತಿನ ಚೀಟಿ, ಚೀಲ ಎಲ್ಲ ಪಟ್ಟಿಯಂತೆ ಒಪ್ಪಿಸಿದರು. ಎಲ್ಲರೂ ಸುತ್ತ ನಿಂತಿದ್ದರು. "ಇದೂ ಇರ್ಲಿ ಮೇಡಂ, ಪಟ್ಟ್ಯಾಗ ಇಲ್ಲ ಇದು," ಎಂದು ಒಂದು ಉದ್ದನೆಯ ನೋಟ್‌ಬುಕ್ಕು ಕೊಟ್ಟರು. ಕನ್ನಡದಲ್ಲಿ ಬರೆದದ್ದು, ಆ ಕಚೇರಿಯಲ್ಲಿ ಓದಲು ಬರುವವಳು ನಾನೊಬ್ಬಳೇ. ಪ್ರತಿ ಮನೆಗೆ ಎರಡು ಸಾಲು. 'ನಾಕರ ಮೇಲೆ ಹೋಗಬೇಕು, ಎರಡನೇ ಪಾಳಿ.' 'ಅಜ್ಜಿಗೆ ಎಡಗಿವಿ ಕೇಳೂದಿಲ್ಲ.' 'ಗಂಡನ ಮುಂದೆ ಆಕೆಯ ಹೊಲಿಗೆ ಕೆಲಸ ಕೇಳಬಾರದು, ನೀರಿಗೆ ಹೋದಾಗ ಕೇಳಬೇಕು.' ರೈಲಿನಲ್ಲಿ ಪುಟ ತಿರುವುತ್ತ ಬಂದೆ. ಆ ಮನೆಯ ಪುಟ ಸಿಕ್ಕಿತು. 'ಮೂರೂ ಹೆಸರು ಓದಬೇಕು. ನಡುವಿನದು ಮೆಲ್ಲಗೆ.' ಅದನ್ನು ಅವರು ಹೊಡೆದು ಹಾಕಿರಲಿಲ್ಲ.

ಮೂರು ತಿಂಗಳು ಕಳೆದು ನಾಲ್ಕನೇ ಭೇಟಿ ಬಂತು. ಕೊನೆಯದು. ಬೇರೆಯವರನ್ನು ಕಳಿಸಲು ಮನಸ್ಸಾಗಲಿಲ್ಲ, ನಾನೇ ಹೊರಟೆ. ಪ್ರಕರಣ ನಡೆದ ಮನೆಯೆಂದು ಅಹಮದಾಬಾದಿನಿಂದ ಒಬ್ಬ ವೀಕ್ಷಕರನ್ನೂ ಜೊತೆಗೆ ಕಳಿಸಿದ್ದರು. ಪಾಪ, ಒಳ್ಳೆಯ ಮನುಷ್ಯ, ಆದರೆ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಗಡಿಯಾರ ನೋಡುತ್ತಲೇ ಇದ್ದರು.

ತಾಯಿ ನಮ್ಮನ್ನು ಒಳಗೆ ಕರೆದಳು. ಕಾಕಾ ಎಲ್ಲಿ ಎಂದು ಕೇಳಿದಳು, ಅಹಮದಾಬಾದಿಗೆ ಹೋದರು ಎಂದೆ. ನೀರು ಕೊಟ್ಟಳು. ಲೋಟ ಕೈಯಲ್ಲಿ ಹಿಡಿದಿದ್ದೆ. ಪಕ್ಕದಲ್ಲಿ ವೀಕ್ಷಕರು "ಶುರು ಮಾಡೋಣವೇ" ಎಂದು ಹಿಂದಿಯಲ್ಲಿ ಕೇಳಿದರು. ಲೋಟ ಕೆಳಗಿಟ್ಟು ಟ್ಯಾಬ್ಲೆಟ್ಟು ತೆಗೆದೆ.

ಪರದೆಯ ಮೇಲೆ ಎರಡೇ ಹೆಸರು. ತಾಯಿಯದು ಓದಿದೆ. "ಆಹೇ." ಆಮೇಲೆ ಒಂದು ಗಳಿಗೆ ನಿಂತೆ. ನಡುವಿನ ಹೆಸರು ನನಗೆ ಬಾಯಿಪಾಠವಾಗಿತ್ತು. ಬರೆಯಬೇಕಿರಲಿಲ್ಲ, ಏನೂ ಒತ್ತಬೇಕಿರಲಿಲ್ಲ, ಬಾಯಲ್ಲಿ ಅಂದಿದ್ದರೆ ಸಾಕಿತ್ತು. ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಪಕ್ಕದಲ್ಲಿ ವೀಕ್ಷಕರು ಪರದೆ ನೋಡುತ್ತಿದ್ದರು. ಇಲ್ಲದ ಹೆಸರನ್ನು ಇವಳೇಕೆ ಓದಿದಳು ಎಂದು ಅವರು ಕೇಳಿದರೆ? ನಾನು ಕಿರಿ ಮಗಳ ಹೆಸರು ಓದಿದೆ.

ಕಿರಿ ಮಗಳು ತಾಯಿಯ ಮುಖ ನೋಡಿದಳು.

"ನಡುವಿಂದು?" ಎಂದಳು ತಾಯಿ.

"ಇಷ್ಟೇ ಇರೋದು, ಅವ್ವಾ."

ಅವಳು ಬೈಯಲಿಲ್ಲ. ಅಳಲೂ ಇಲ್ಲ. ನಾನು ಕುಡಿಯದೆ ಬಿಟ್ಟಿದ್ದ ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದಳು. ಕಿರಿ ಮಗಳು ಬಾಗಿಲ ಹತ್ತಿರ ಬಂದು, ಹೊರಡಿ, ಅವ್ವ ಇನ್ನು ಮಾತಾಡುವುದಿಲ್ಲ ಅಂದಳು. ವೀಕ್ಷಕರು ಗುಟ್ಟಾಗಿ, ಕುಟುಂಬ ನಿರಾಕರಿಸಿತು ಎಂದು ಹಾಕಿಬಿಡಿ, ನಿಮ್ಮ ತಪ್ಪೇನಿದೆ ಎಂದು ಸಮಾಧಾನ ಮಾಡಿದರು. ಓಣಿಯಲ್ಲೇ ನಿಂತು ಹಾಗೆ ಹಾಕಿದೆ. ಮೂರು ಸಲ ಬಾಗಿಲು ತೆರೆದಿದ್ದ ಮನೆ ನನ್ನ ಕೈಯಲ್ಲಿ ಬಿತ್ತು.

ಕಚೇರಿಗೆ ಬಂದು ಬೋರ್ಡು ಇಳಿಸಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಆಮೇಲೆ ಅಹಮದಾಬಾದಿಗೆ ಎರಡನೇ ಪತ್ರ ಬರೆದೆ, ಅಳಿಸಿದ್ದ ಸಾಲನ್ನು ಈ ಸಲ ಮೊದಲ ಸಾಲು ಮಾಡಿ. ತಪ್ಪಿನ ಅರ್ಧ ಭಾರ ನನ್ನದು, ಖಂಡನೆಯನ್ನು ಮರುಪರಿಶೀಲಿಸಬೇಕು ಎಂದು. ಮೂರು ವಾರಕ್ಕೆ ಉತ್ತರ ಬಂತು. ವಿಷಯ ಗಮನಿಸಲಾಗಿದೆ, ಪ್ರಕರಣ ಈಗಾಗಲೇ ಮುಕ್ತಾಯವಾಗಿದೆ. ಅದರ ಕೆಳಗೆ, ಹೊಸದಾಗಿ ನೇಮಕವಾದ ತಂಡದ ಮುಖ್ಯಸ್ಥರ ತರಬೇತಿಯಲ್ಲಿ ಅನುಭವ ಹಂಚಿಕೊಳ್ಳಲು ಬರಬೇಕೆಂಬ ಕೋರಿಕೆ. ಹೋಗಲಿಲ್ಲ.

ಅವರು ನಿವೃತ್ತರಾಗುವ ದಿನ ಅಹಮದಾಬಾದಿಗೆ ಹೋದೆ. ಸಭೆ ಚಿಕ್ಕದು. ಒಂದು ಶಾಲು, ಒಂದು ಗೋಡೆ ಗಡಿಯಾರ, ಕಾಗದದ ತಟ್ಟೆಯಲ್ಲಿ ಫಾಫಡಾ. ಮಾತಾಡಿದವರು ಅವರ ಕೈಬರಹ ಹೊಗಳಿದರು. ಅವರು ಮನೆಗಳಿಗೆ ಹೋಗುತ್ತಿದ್ದರು ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ನನ್ನನ್ನೂ ಮಾತಾಡಲು ಕರೆದರು, ಎರಡು ಮಾತಿಗೆ ಕೂತುಬಿಟ್ಟೆ.

ಎಲ್ಲರೂ ಹೋದ ಮೇಲೆ ಅವರನ್ನು ಹುಡುಕಿಕೊಂಡು ದಾಖಲೆ ಕೋಣೆಗೆ ಹೋದೆ. ಹಳೆಯ ಕಾಗದದ ಗಂಟುಗಳ ನಡುವೆ ನಿಂತು ತಮ್ಮ ಡಬ್ಬಿ, ಛತ್ರಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಇಷ್ಟು ದಿನದಲ್ಲಿ ಸೊರಗಿದ್ದರು. ನನ್ನ ಎರಡನೇ ಪತ್ರದ ಪ್ರತಿಯನ್ನು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು, ಎರಡು ಸಲ. ಇದ್ದ ಮಡಿಕೆಯಲ್ಲೇ ಮಡಿಚಿ ನನ್ನ ಕೈಗೆ ಕೊಟ್ಟರು.

"ಈಗ ಇದನ್ನ ಯಾರಿಗೆ ತೋರಸ್ಲಿ?" ಅಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುವ ಹಾಗೆ ಕೇಳಿದರು.

"ತಪ್ಪಾತ್ರಿ ಸರ," ಅಂದೆ. ಅಳು ಬಂತು, ತಡೆಯಲಿಲ್ಲ.

ಅವರು ಛತ್ರಿಯ ದಾರ ಕಟ್ಟಿದರು. ಆಮೇಲೆ ಕೇಳಿದರು, "ಆ ಮನಿಗೆ ಕಡೀ ಸಲ ಯಾರು ಹೋಗಿದ್ರು?"

"ನಾನ ಹೋಗಿದ್ದೆ."

"ನನ್ನ ನೋಟ್‌ಬುಕ್ಕು ನೋಡಿದ್ರೇನು?"

"ನೋಡಿದ್ದೆ."

"ಹೆಸರು ಎಷ್ಟು ಓದಿದ್ರಿ?"

"ಎರಡು," ಅಂದೆ.

ಅವರು ಚೀಲ ಹೆಗಲಿಗೆ ಹಾಕಿಕೊಂಡರು. ದೀಪದ ಗುಂಡಿ ಎಲ್ಲಿದೆ ಎಂದು ನನಗೆ ತೋರಿಸಿದರು, ಹೋಗುವಾಗ ಆರಿಸಿ ಹೋಗಲು. ಬಾಗಿಲ ಹತ್ತಿರ ನಿಂತು, "ಸರಿ ಓದೀರಿ, ಮೇಡಂ," ಅಂದರು.

ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.